ಒಂದೇ ಊರಿಗೆ ಬರವೂ ನೆರೆಯೂ: ಪಂಚಾಯಿತಿ ಕೈಯಲ್ಲಿ ಏನೇನು ಸಿದ್ಧವಿರಬೇಕು?

ನಾಲೆಏರಿ:
ಕಾವೇರಿಯ ಕೆಆರ್‌ಎಸ್ ಕಟ್ಟೆ ಕೆಳಗೆ ಶ್ರೀರಂಗಪಟ್ಟಣ, ಕಬಿನಿ ಕಟ್ಟೆ ಕೆಳಗೆ ನಂಜನಗೂಡು, ಎರಡೂ ಹೊಳೆ ಕೂಡುವ ಕಡೆ ತಿ. ನರಸೀಪುರ. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ವಿಶ್ವೇಶ್ವರಯ್ಯ ನಾಲೆ ನಂಬಿದವರ ಭತ್ತ, ಕಬ್ಬು ಒಣಗಿತು. ಮರುವರ್ಷ ಜುಲೈ ಕೊನೆಗೆ ಅದೇ ಗೇಟುಗಳಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಹೊರಬಿತ್ತು. 2025ರಲ್ಲಂತೂ ಜೂನ್ ಮುಗಿಯುವ ಮೊದಲೇ 124.80 ಅಡಿ, ಕಟ್ಟೆ ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಆದರೂ ಪಂಚಾಯಿತಿಗಳ ಯೋಜನೆ ಪುಸ್ತಕದಲ್ಲಿ ಬರಕ್ಕೊಂದು ಅಧ್ಯಾಯ, ನೆರೆಗೊಂದು ಅಧ್ಯಾಯ, ಒಂದಕ್ಕೊಂದು ಸಂಬಂಧವೇ ಇಲ್ಲ. ತಿಳಿದವರು ಇಲ್ಲಿ ಬರೆಯಿರಿ: ಎಷ್ಟು ಲೀಟರ್, ಎಷ್ಟು ಕೆಜಿ, ಯಾವ ಕಾಗದ, ಎಲ್ಲಿ ಕೆಡುತ್ತೆ. ಭಾಷಣ ಬೇಡ.

ಹೊಳೆಸಾಲು:
ಮೊದಲು ನೀರಿನ ಲೆಕ್ಕ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ; 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಒಳಹರಿವು ಒಂದು ಲಕ್ಷವಾದರೆ ದಿನಕ್ಕೆ 8.64 ಟಿಎಂಸಿ. ಕೆಆರ್‌ಎಸ್ ಪೂರ್ತಿ ಹಿಡಿಯೋದು 49.45, ಮೇಲಿನ ಒಂದೊಂದು ಅಡಿಗೆ ಹೆಚ್ಚುಕಮ್ಮಿ ಒಂದೂವರೆ ಟಿಎಂಸಿ. ಅಂದರೆ ಮಟ್ಟ 121 ಅಡಿ ಇರುವಾಗ ಕೊಡಗಿನಿಂದ ಲಕ್ಷ ಕ್ಯುಸೆಕ್ ಬಂದರೆ ಉಳಿದ ಜಾಗ ತುಂಬೋದಕ್ಕೆ ಹದಿನಾರು ಗಂಟೆ ಸಾಕು. ಕಬಿನಿ ಇನ್ನೂ ಚಿಕ್ಕದು, 19.52 ಟಿಎಂಸಿ. ವಯನಾಡಿನಲ್ಲಿ ರಾತ್ರಿ ಸುರಿದ ಮಳೆ ಅಲ್ಲಿ ನಿಲ್ಲೋಕೆ ಜಾಗವೇ ಇರಲ್ಲ. 2018, 2019ರಲ್ಲಿ ಮಲ್ಲನಮೂಲೆ ಹತ್ತಿರ ಮೈಸೂರು–ನಂಜನಗೂಡು ರಸ್ತೆ ಬಂದ್ ಆಗಿದ್ದು ಹಾಗೇ.

ಆದ್ದರಿಂದ 'ಹೊರಹರಿವು ಇಷ್ಟಾಯ್ತು' ಅನ್ನೋ ಪ್ರಕಟಣೆಗೆ ಕಾಯಬಾರದು. ಮಟ್ಟ 120 ದಾಟಿದೆ, ಒಳಹರಿವು 50 ಸಾವಿರ ದಾಟಿ ಏರ್ತಾನೇ ಇದೆ ಅಂದ್ರೆ ಆವತ್ತೇ ಸಂಜೆ ದಂಡೆಯ ಪಂಪ್‌ಸೆಟ್ ಮೋಟಾರು ಬಿಚ್ಚಿಸಿ, ದನ ಮೇಲಕ್ಕೆ ಹೊಡೆಸಿ. ತಿ. ನರಸೀಪುರದವರಿಗೆ ಇನ್ನೊಂದು ಮಾತು: ಕಾವೇರಿ ಏರಿದಾಗ ಕಬಿನಿ ನೀರು ಸಂಗಮದಲ್ಲಿ ಮುಂದಕ್ಕೆ ಹೋಗದೆ ಹಿಂದಕ್ಕೆ ಒತ್ತುತ್ತೆ. ಒಂದೇ ಕಟ್ಟೆಯ ಅಂಕಿ ನೋಡಿಕೊಂಡು ಧೈರ್ಯವಾಗಿ ಕೂತರೆ ನೀರು ಹಿತ್ತಲಿಂದ ಬರುತ್ತೆ.

ಮೂಡಲಸೀಮೆ:
ನೆರೆ ಕಣ್ಣಿಗೆ ಕಾಣುತ್ತೆ ಸಾರ್, ಎಲ್ಲರೂ ಓಡಿ ಬರ್ತಾರೆ. ಬರ ಯಾವತ್ತು ಶುರುವಾಯ್ತು ಅಂತ ಹೇಳೋರು ಯಾರು? ನಾಗಮಂಗಲ ಕಡೆ ರಾಗಿ ಪೈರು ಬಾಡಿ ತಿಂಗಳಾದ ಮೇಲೆ ಘೋಷಣೆ ಬಂದರೆ ಏನು ಪ್ರಯೋಜನ?

ಪಹಣಿಪುಟ:
ಘೋಷಣೆಗೆ ಮೆಟ್ಟಿಲುಗಳಿವೆ. ಕೇಂದ್ರದ ಬರ ಕೈಪಿಡಿ 2016ರದ್ದು. ಮೊದಲ ಮೆಟ್ಟಿಲು ಮಳೆ ಕೊರತೆ ಅಥವಾ ಒಣಹವೆ, ಅಂದರೆ ಮುಂಗಾರು ಕಾಲಿಟ್ಟ ಮೇಲೆ ಸತತ ಮೂರ್ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಮ್ಮಿ ಮಳೆ. ಎರಡನೇದು ಪರಿಣಾಮದ ಸೂಚಿಗಳು: ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಬೆಳೆಯ ಹಸಿರು, ಮಣ್ಣಿನ ತೇವ, ಕೆರೆಕಟ್ಟೆ–ಅಂತರ್ಜಲ. ಮೂರನೇದು ಶೇ 10ರಷ್ಟು ಹಳ್ಳಿಗಳನ್ನು ಆರಿಸಿ ಹೊಲಕ್ಕೇ ಹೋಗಿ ಜಿಪಿಎಸ್ ಫೋಟೊ ಸಮೇತ ನೋಡೋದು. ಇದೆಲ್ಲ ಮುಗಿದು 'ತೀವ್ರ' ಅಂತ ಬಂದರೆ ಮಾತ್ರ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಗೆ ಬೇಡಿಕೆ ಇಡಬಹುದು. 'ಸಾಧಾರಣ' ಅಂದರೆ ರಾಜ್ಯವೇ ನೋಡಿಕೊಳ್ಳಬೇಕು.

2023ರ ಉದಾಹರಣೆ ಸಾಕು. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕು, ಆಮೇಲೆ ಸೇರಿಸಿ 223 ತಾಲ್ಲೂಕು ಬರಪೀಡಿತ ಅಂತಾಯ್ತು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಗೆ 3,454 ಕೋಟಿಗೆ ಒಪ್ಪಿಗೆ ಸಿಕ್ಕಿತು. ನಡುವೆ ರಾಜ್ಯ ಕೊಟ್ಟಿದ್ದು ರೈತರಿಗೆ ತಲಾ 2,000 ರೂಪಾಯಿವರೆಗಿನ ಮಧ್ಯಂತರ ಪರಿಹಾರ. ಆಗಸ್ಟ್‌ನ ಹಸಿವಿಗೆ ಏಪ್ರಿಲ್‌ನ ಹಣ ಅನ್ನೋದೇ ವ್ಯವಸ್ಥೆಯ ನಡಿಗೆ ಅಂತ ಗೊತ್ತಿದ್ದ ಮೇಲೆ, ಆ ಎಂಟು ತಿಂಗಳನ್ನು ಊರಿನ ಮಟ್ಟದಲ್ಲಿ ದಾಟಿಸೋದು ಹೇಗೆ ಅನ್ನೋದು ಈ ಚರ್ಚೆಯ ವಿಷಯವಾಗಲಿ.

ಬಂದ ಹಣವೂ ಎಲ್ಲಿ ಸಿಕ್ಕಿಕೊಳ್ಳುತ್ತೆ ನೋಡಿ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರ್ ಮಿತಿ. 'ಪರಿಹಾರ' ತಂತ್ರಾಂಶ ಮೂರು ಕಡೆಯ ಮಾಹಿತಿ ತಾಳೆ ನೋಡುತ್ತೆ: ಫ್ರೂಟ್ಸ್ ಐಡಿಯಲ್ಲಿ (ರೈತರ ನೋಂದಣಿ ಸಂಖ್ಯೆ) ಸರ್ವೆ ನಂಬರ್ ಇದೆಯೇ, ಬೆಳೆ ಸಮೀಕ್ಷೆಯಲ್ಲಿ ಯಾವ ಬೆಳೆ ದಾಖಲಾಗಿದೆ, ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ. ಮೂರರಲ್ಲಿ ಒಂದು ತಪ್ಪಿದರೂ ಹಣ ನಿಂತಿತು. ಹೆಚ್ಚಾಗಿ ಆಗೋದು ಇವು:

ತಾತನ ಹೆಸರಲ್ಲೇ ಪಹಣಿ ಉಳಿದಿದೆ, ಪೌತಿ ಖಾತೆ ಆಗಿಲ್ಲ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಗಿಲ್ಲ. ಹಾಗಾಗಿ ಫ್ರೂಟ್ಸ್ ಐಡಿ ಹುಟ್ಟೋದೇ ಇಲ್ಲ. ಇಬ್ಬರು ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಉಳ್ತಿದ್ದಾರೆ, ಪಹಣಿ ಮಾತ್ರ ಜಂಟಿ. ಬೆಳೆ ಸಮೀಕ್ಷೆಗೆ ನೇಮಿಸಿದ ಊರಿನ ಹುಡುಗ ('ಖಾಸಗಿ ನಿವಾಸಿ' ಅಂತಾರೆ) ರಸ್ತೆಯಲ್ಲೇ ನಿಂತು ಪಕ್ಕದ ಹೊಲದ ಫೋಟೊ ತೆಗೆದ, ರಾಗಿ ಇದ್ದ ಕಡೆ 'ಪಾಳು' ಅಂತಾಯ್ತು. ಇನ್ನು ಕೆಲವರ ಆಧಾರ್ ಯಾವತ್ತೋ ತೆರೆದು ಮರೆತ ಖಾತೆಗೆ ಜೋಡಣೆಯಾಗಿರುತ್ತೆ; ಹಣ ಬಂದಿರುತ್ತೆ, ಪಾಸ್‌ಬುಕ್ಕಿನಲ್ಲಿ ಕಾಣಲ್ಲ. ಇವೆಲ್ಲ ಸರಿಮಾಡಬೇಕಾದ ಕಾಲ ಮೇ ತಿಂಗಳು. ಸಮೀಕ್ಷೆಗೆ ಆಕ್ಷೇಪಣೆ ಹಾಕೋ ಗಡುವು ದಾಟಿದರೆ ಗ್ರಾಮ ಆಡಳಿತ ಅಧಿಕಾರಿ ಮನಸ್ಸು ಮಾಡಿದರೂ ತಿದ್ದೋಕಾಗಲ್ಲ.

ಬೆಲ್ಲದಚ್ಚು:
ಪಹಣಿ ಇರೋರ ಮಾತಾಯ್ತು. ಫಸಲಿನ ಪಾಲಿಗೆ (ವಾರಕ್ಕೆ), ಗುತ್ತಿಗೆಗೆ ಮಾಡೋರಿಗೆ? ಬೀಜ ಗೊಬ್ಬರ ಅವರದ್ದು, ಪರಿಹಾರ ಮೈಸೂರಿನಲ್ಲಿರೋ ಜಮೀನ್ದಾರರ ಖಾತೆಗೆ.

ಪಹಣಿಪುಟ:
ಸರ್ಕಾರದ ಕಡೆಯಿಂದ ಇದಕ್ಕೆ ನೇರ ದಾರಿ ಇಲ್ಲ ಅಣ್ಣ, ಸುಮ್ಮನೆ ಆಸೆ ಹುಟ್ಟಿಸಲ್ಲ. ಇರೋದು ಒಪ್ಪಂದದ ದಾರಿ. ಯುಗಾದಿಗೆ ಹೊಲ ಹಿಡಿಯುವಾಗಲೇ ಚೀಟಿಯಲ್ಲಿ 'ಬೆಳೆ ಪರಿಹಾರ ಬಂದರೆ ಮಾಡಿದವನಿಗೆ' ಅಂತ ಒಂದು ಸಾಲು ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿ. ಫಸಲ್ ಬಿಮಾ ಯೋಜನೆಯಲ್ಲಿ ಗುತ್ತಿಗೆದಾರರೂ ನೋಂದಾಯಿಸಬಹುದು, ಕಂತು ಮುಂಗಾರಿಗೆ ಶೇ 2. ನೆರೆಯಿಂದ ಒಬ್ಬೊಬ್ಬರ ಹೊಲ ಮುಳುಗಿದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು. ಭತ್ತಕ್ಕೆ ಈ ಮುಳುಗಡೆ ರಕ್ಷಣೆಯನ್ನು 2018ರಲ್ಲಿ ಕೈಬಿಟ್ಟಿದ್ದರು. 2026ರ ಮುಂಗಾರಿನಿಂದ ಮತ್ತೆ ಸೇರಿಸೋದಾಗಿ ಕೇಂದ್ರ ಪ್ರಕಟಿಸಿದೆ. ನೋಂದಣಿ ಮಾಡಿಸುವಾಗಲೇ ಆ ಸಾಲನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಗಂಜಿಮನೆ:
ಊಟದ ವಿಷಯಕ್ಕೆ ಬರ್ತೀನಿ. ಕಾಳಜಿ ಕೇಂದ್ರ ಅಂತ ಬೋರ್ಡು ಬದಲಾದರೂ ಜನ ಕರೆಯೋದು ಗಂಜಿ ಕೇಂದ್ರ ಅಂತಲೇ.

ಮನೆಗೆ ನೀರು ನುಗ್ಗಿದ ಮೊದಲ ಮೂರು ದಿನ ಒಣ ರೇಷನ್ ಕೊಡಬೇಡಿ. ಒಲೆ ಒದ್ದೆ, ಸೌದೆ ಒದ್ದೆ, ಪಾತ್ರೆ ಹೊಳೆಪಾಲು. ಬೇಯಿಸಿದ್ದೇ ಬೇಕು. ನೂರು ಜನಕ್ಕೆ ಒಂದು ಹೊತ್ತಿಗೆ ಅಕ್ಕಿ 12ರಿಂದ 14 ಕೆಜಿ, ತೊಗರಿಬೇಳೆ 3 ಕೆಜಿ, ತರಕಾರಿ 8 ಕೆಜಿ, ಎಣ್ಣೆ 1 ಲೀಟರ್. ಮಾಡಿದ ಹೊತ್ತನ್ನು ಪಾತ್ರೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ, ನಾಲ್ಕು ಗಂಟೆ ಕಳೆದ ಅನ್ನ ಬಡಿಸಬೇಡಿ. ಮೈಸೂರಿನಿಂದ ದಾನಿಗಳು ಬಿಸಿಬಿಸಿ ಬಾತನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಳಿಸ್ತಾರೆ, ಊರು ಮುಟ್ಟೋ ಹೊತ್ತಿಗೆ ಬೆವೆತು ಹಳಸಿರುತ್ತೆ. ಕಳಿಸಲೇಬೇಕು ಅನ್ನೋರಿಗೆ ಪುಳಿಯೋಗರೆ ಆರಿಸಿ ಕಟ್ಟಿ ಅಂತ ಹೇಳಿ. ಮೊಸರನ್ನ, ತೆಂಗಿನಕಾಯಿ ಚಟ್ನಿ ಬೇಡ.

ಮನೆಗೆ ವಾಪಸ್ ಹೋಗುವಾಗ ಕಿಟ್. ತಲೆಗೆ ದಿನಕ್ಕೆ 2,100 ಕಿಲೊ ಕ್ಯಾಲರಿ ಅನ್ನೋದು ವಿಪತ್ತು ನೆರವಿಗೆ ಇರೋ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡ. ನಾಲ್ಕು ಜನಕ್ಕೆ ಏಳು ದಿನ ಅಂದರೆ 58,800. ನಮ್ಮ ಊಟಕ್ಕೆ ಹೊಂದಿಸಿದರೆ ಅಕ್ಕಿ 8 ಕೆಜಿ, ರಾಗಿ ಹಿಟ್ಟು 4 ಕೆಜಿ, ತೊಗರಿಬೇಳೆ 2 ಕೆಜಿ, ಎಣ್ಣೆ 1 ಲೀಟರ್, ಬೆಲ್ಲ 1 ಕೆಜಿ. ಲೆಕ್ಕ ಸರಿಯಾಗಿ ಕೂರುತ್ತೆ. ಆದರೆ ಪ್ರೋಟೀನ್ ತಲೆಗೆ 47–48 ಗ್ರಾಂಗೆ ನಿಲ್ಲುತ್ತೆ. ಅರ್ಧ ಕೆಜಿ ಕಡಲೆಬೀಜ ಹಾಕಿದರೆ 52 ದಾಟುತ್ತೆ. ಅಯೋಡಿನ್ ಉಪ್ಪು ಅರ್ಧ ಕೆಜಿ, ಖಾರದ ಪುಡಿ, ಹುಣಸೆಹಣ್ಣು, ಬೆಂಕಿಪೊಟ್ಟಣ. ಬಿಸ್ಕತ್ತು, ನೂಡಲ್ಸ್ ತುಂಬಿ ಕಿಟ್ ದಪ್ಪ ಕಾಣಿಸೋದು ಫೋಟೊಗೆ ಮಾತ್ರ.

ಮೂಡಲಸೀಮೆ:
ರಾಗಿ ಹಾಕಿದ್ದು ಒಳ್ಳೇದಾಯ್ತು ಮೇಡಂ. ಗಂಜಿ ಕೇಂದ್ರದಲ್ಲಿ ಯಾಕೆ ಮುದ್ದೆ ಮಾಡಲ್ಲ? ಮೂರು ದಿನ ಬರೀ ಅನ್ನ ತಿಂದ ವಯಸ್ಸಾದೋರು 'ಹೊಟ್ಟೆ ತುಂಬ್ಲಿಲ್ಲ ಕಣಪ್ಪ' ಅಂತಾರೆ.

ಗಂಜಿಮನೆ:
ಕೈಬಲದ ಪ್ರಶ್ನೆ ಅಣ್ಣ. ಒಂದು ಕೆಜಿ ಹಿಟ್ಟಿಗೆ ಏಳೆಂಟು ಮುದ್ದೆ, ನೂರು ಜನಕ್ಕೆ 14 ಕೆಜಿ ಹಿಟ್ಟು, 28–30 ಲೀಟರ್ ನೀರು. ಒಂದು ಸಲಕ್ಕೆ ಐದಾರು ಕೆಜಿಗಿಂತ ಹೆಚ್ಚು ಹಾಕಿ ತಿರುವಿದರೆ ಗಂಟು ಉಳಿಯುತ್ತೆ, ಹಸಿ ಹಿಟ್ಟು ಹೊಟ್ಟೆ ಕೆಡಿಸುತ್ತೆ. ಮೂರು ಪಾತ್ರೆ, ಮೂರು ಮುದ್ದೆಕೋಲು, ಕೂಡಿಸೋಕೆ ಆರು ಜನ ಬೇಕು. ಜನ ಸಿಕ್ಕರೆ ರಾತ್ರಿ ಊಟಕ್ಕೆ ಮುದ್ದೆ ಖಂಡಿತ ಮಾಡಿ, ಸೊಪ್ಪಿನ ಸಾರಿನ ಜೊತೆ. ಬೆಳಗ್ಗೆ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ರಾಗಿ ಗಂಜಿ ಸುಲಭ.

ಬೆಲ್ಲದಚ್ಚು:
ಧಾನ್ಯ ಹೊತ್ತು ತಿರುಗೋ ಬದಲು ಹಣ ಹಾಕಿದರೆ ಆಗಲ್ವಾ?

ಪಹಣಿಪುಟ:
ಅಂಗಡಿ ತೆರೆದಿದ್ದು ರಸ್ತೆ ಇದ್ದರೆ ಹಣವೇ ವಾಸಿ. ಬರದಲ್ಲಿ ಸಾಮಾನ್ಯವಾಗಿ ಅಂಗಡಿಯಲ್ಲಿ ಅಕ್ಕಿ ಇರುತ್ತೆ, ಜೇಬಲ್ಲಿ ದುಡ್ಡಿರಲ್ಲ. ನೆರೆಯ ಮೊದಲ ವಾರ ತಿರುಗಾಮುರುಗಾ. ಹಣವಾದರೆ ಬೆಲೆ ಏರಿದಂತೆ ಮೊತ್ತವೂ ಏರಬೇಕು. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ಬದಲಾಗಿ ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಹಾಕ್ತಿದ್ದರು. ಆ ದುಡ್ಡಿಗೆ ಅಂಗಡಿಯಲ್ಲಿ ಐದು ಕೆಜಿ ಊಟದ ಅಕ್ಕಿ ಬರ್ತಿರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿದರು.

ಹಳೇದೊಂದು ನೆನಪಿಸಿದರೆ ತಪ್ಪಲ್ಲ. 1876–78ರ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ 50 ಲಕ್ಷದಿಂದ 1881ಕ್ಕೆ 42 ಲಕ್ಷದೊಳಕ್ಕೆ ಇಳಿಯಿತು. ಬೆಂಗಳೂರಿಗೆ ರೈಲಿತ್ತು, ಇತ್ತ ಮೈಸೂರಿಗೆ ಇರಲಿಲ್ಲ. ದಾಸ್ತಾನು ಎಷ್ಟಿದೆ ಅನ್ನೋದಕ್ಕಿಂತ ಕೊನೆಯ ಹತ್ತು ಮೈಲಿ ಹೇಗೆ ಸಾಗಿಸ್ತೀರಿ ಅನ್ನೋದು ಆಗಲೂ ದೊಡ್ಡ ಪ್ರಶ್ನೆ, ಈಗಲೂ.

ನೀರಗಂಟಿ:
ನೀರು. ತಲೆಗೆ ದಿನಕ್ಕೆ 15 ಲೀಟರ್ ಕನಿಷ್ಠ, ಅದರಲ್ಲಿ ಕುಡಿಯೋಕೆ 3. ಮುನ್ನೂರು ಜನದ ಕೇರಿಗೆ 4,500 ಲೀಟರ್, ಅಂದರೆ ದಿನಕ್ಕೊಂದು ಟ್ರ್ಯಾಕ್ಟರ್ ಟ್ಯಾಂಕರ್. ದನದ ಲೆಕ್ಕ ಬೇರೆ, ದೊಡ್ಡ ರಾಸಿಗೆ 30ರಿಂದ 50 ಲೀಟರ್. ಬರದಲ್ಲಿ ಬಹಳ ಕಡೆ ಈ ದನದ ನೀರನ್ನು ಲೆಕ್ಕಕ್ಕೇ ಹಿಡಿಯಲ್ಲ; ಆಮೇಲೆ ಜನರ ನೀರು ದನ ಕುಡಿಯೋ ಬಾನಿಗೆ ಹೋಗುತ್ತೆ.

ಒಳ್ಳೆ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಶೇ 33. ಸಾವಿರ ಲೀಟರಿಗೆ 2.5 ಗ್ರಾಂ, ಐದು ಸಾವಿರದ ಟ್ಯಾಂಕರಿಗೆ 12–13 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಅಳೆಯೋ ಕ್ಲೋರೋಸ್ಕೋಪ್‌ನಲ್ಲಿ ನೋಡಿದರೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಏನೂ ಕಾಣದಿದ್ದರೆ ಪೌಡರು ಸತ್ತಿದೆ, ಇಲ್ಲವೇ ನೀರು ಕದಡಿದೆ. ಬಾಯಿ ಬಿಚ್ಚಿ ಪಂಚಾಯಿತಿ ಮೂಲೆಯಲ್ಲಿ ಬಿದ್ದಿರೋ ಚೀಲದ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ. ಅದು ಬರೀ ಸುಣ್ಣ. ಚರಂಡಿ ಪಕ್ಕ ಬಿಳಿ ಗೆರೆ ಎಳೆಯೋದು ನೋಡೋಕೆ ಚೆಂದ, ರೋಗಕ್ಕೆ ಏನೂ ಮಾಡಲ್ಲ.

ನೆರೆ ನುಗ್ಗಿದ ಬಾವಿಗೆ ಈ ಪ್ರಮಾಣ ಸಾಲದು. ಅಡ್ಡಳತೆ 3 ಮೀಟರ್, ನೀರು 4 ಮೀಟರ್ ಇದ್ದರೆ: 3.14 × 3 × 3 × 4 ÷ 4, ಅಂದರೆ 28 ಘನ ಮೀಟರ್, 28 ಸಾವಿರ ಲೀಟರ್. ಮೊದಲು ಕಸ, ಕೆಸರು ತೆಗೆಸಿ, ಸಾವಿರ ಲೀಟರಿಗೆ 300 ಗ್ರಾಂನಂತೆ ಎಂಟೂವರೆ ಕೆಜಿ ಹಾಕಿ, 12 ಗಂಟೆ ಮುಟ್ಟದೆ ಬಿಟ್ಟು, ಪೂರ್ತಿ ಪಂಪ್ ಮಾಡಿ ಹೊರಹಾಕಿ. ಆಮೇಲೆ ದಿನಕ್ಕೆ 70 ಗ್ರಾಂ. ಬಾವಿಗೆ ಯಾರನ್ನೂ ಇಳಿಸಬೇಡಿ.

ಬರದಲ್ಲಿ ಖಾಸಗಿ ಬೋರು ಬಾಡಿಗೆಗೆ ಹಿಡಿಯುವಾಗ ಒಂದು ಬಾಟಲಿ ನೀರು ಪರೀಕ್ಷೆಗೆ ಕಳಿಸಿ. ಆಳಕ್ಕೆ ಹೋದ ಬೋರಿನಲ್ಲಿ ಫ್ಲೋರೈಡ್ ಇರಬಹುದು, ಲೀಟರಿಗೆ 1.5 ಮಿಲಿಗ್ರಾಂ ಕೊನೆಯ ಮಿತಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ಟ್ಯಾಂಕರ್ ಬಿಲ್ಲಿನ ಜಗಳಕ್ಕೆ ಮದ್ದು: ಟ್ರಿಪ್ ಚೀಟಿಗೆ ಕೇರಿಯ ಇಬ್ಬರು ಹೆಂಗಸರ ಸಹಿ, ಹೊತ್ತು ಸಮೇತ. ಗಂಡಸರು ಹೊಲದಲ್ಲಿರ್ತಾರೆ, ನೀರು ಬಂತೋ ಇಲ್ಲವೋ ಗೊತ್ತಿರೋದು ಬಿಂದಿಗೆ ಹಿಡಿದವರಿಗೆ.

ಕೊಟ್ಟಿಗೆಕಂಬ:
ದನದ ಮೇವು ಯಾರೂ ಮುಟ್ಟಲಿಲ್ಲ. ಬರದಲ್ಲಿ ರೈತ ಮೊದಲು ಮಾರೋದು ರಾಸನ್ನು, ಅದೂ ಅರ್ಧ ಬೆಲೆಗೆ. ಡೇರಿಗೆ ಹಾಲು ಹಾಕಿ ವಾರದ ಬಟವಾಡೆಯಲ್ಲಿ ಸಂಸಾರ ನಡೆಸೋ ಮನೆಗೆ ಹಸು ಹೋದರೆ ಊಟವೇ ಹೋದಂತೆ. ಹಾಗಾಗಿ ಮೇವು ಅಂದರೆ ಆಹಾರ ಭದ್ರತೆಯೇ.

ನೂರು ರಾಸಿಗೆ ದಿನಕ್ಕೆ ಆರು ಕೆಜಿ ಒಣಮೇವಿನಂತೆ 600 ಕೆಜಿ, ತಿಂಗಳಿಗೆ 18 ಟನ್. ಗೋಶಾಲೆಗೆ 2022–26ರ ಮಾನದಂಡದ ದರ ದೊಡ್ಡ ರಾಸಿಗೆ ದಿನಕ್ಕೆ 80, ಚಿಕ್ಕದಕ್ಕೆ 45 ರೂಪಾಯಿ. ಊರಿನಿಂದ ಎಂಟು ಹತ್ತು ಕಿಲೋಮೀಟರ್ ಆಚೆ ಗೋಶಾಲೆ ತೆರೆದರೆ ಯಾರೂ ಹೊಡ್ಕೊಂಡು ಬರಲ್ಲ, ಹಾಲು ಕರೆದು ಡೇರಿಗೆ ತಲುಪಿಸೋಕಾಗಲ್ಲ. ಮೇವು ಬ್ಯಾಂಕ್ ಮಾಡಿ ಮನೆಗೇ ಒಯ್ಯಲು ಬಿಡೋದು ಮೇಲು.

ಭತ್ತದ ಹುಲ್ಲಿಗೆ ಸತ್ವ ಕಮ್ಮಿ. ನೂರು ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಟಾರ್ಪಾಲ್ ಮುಚ್ಚಿ 21 ದಿನ ಬಿಡಿ. ತೆಗೆದ ಮೇಲೆ ಘಾಟು ಹೋಗೋವರೆಗೆ ಹರಡಿ ಆಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ನೀರಿನ ಬಕೆಟ್ ದನದ ಬಾಯಿಗೆ ಸಿಕ್ಕರೆ ಅಲ್ಲೇ ಸಾಯುತ್ತೆ. ಕಬ್ಬಿನ ಸೋಗೆ ಒಂದನ್ನೇ ವಾರಗಟ್ಟಲೆ ಹಾಕಿದರೆ ಅದರ ಆಕ್ಸಲೇಟ್ ಸುಣ್ಣದಂಶ ಹಿಡಿದುಕೊಳ್ಳುತ್ತೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ. ಮಳೆಯಿಲ್ಲದೆ ಮುರುಟಿದ ಎಳೆ ಜೋಳದ ಪೈರಿಗೆ ದನ ಬಿಡಬೇಡಿ, ಸಯನೈಡ್ ವಿಷ.

ನೆರೆಯಲ್ಲಿ ಮುಳುಗಿದ ಮೆದೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಬೂಷ್ಟು. ಹಾಕಬೇಡಿ. ಗಳಲೆ ರೋಗ, ಚಪ್ಪೆ ರೋಗಕ್ಕೆ ಲಸಿಕೆ ಮಳೆಗೆ ಮುಂಚೆಯೇ ಆಗಬೇಕು; ನೀರು ಬಂದ ದಿನ ಚುಚ್ಚಿದರೆ ಶಕ್ತಿ ಬರೋಕೆ ಎರಡು ಮೂರು ವಾರ. ಅದೇ 2022–26ರ ಮಾನದಂಡದಲ್ಲಿ ಕರೆಯೋ ಹಸು ಸತ್ತರೆ 37,500, ಉಳುವ ಎತ್ತಿಗೆ 32,000, ಕುರಿ–ಮೇಕೆಗೆ 4,000. ರಾಸಿನ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಯ ಫೋಟೊ ಮೊದಲೇ ಫೋನಿನಲ್ಲಿ ಇರಲಿ. ಹೆಣ ತೇಲಿಹೋದರೆ ಮರಣೋತ್ತರ ಪರೀಕ್ಷೆಯೂ ಇಲ್ಲ, ಪಂಚನಾಮೆಯ ಮಾತೊಂದೇ ಉಳಿಯೋದು.

ತೋಳಪಟ್ಟಿ:
ಆರೋಗ್ಯದ ಕಡೆಯಿಂದ ಮೂರೇ ಮಾತು. ಆರು ತಿಂಗಳಿಂದ ಐದು ವರ್ಷದ ಮಕ್ಕಳ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ತೀವ್ರ ಅಪೌಷ್ಟಿಕತೆ; ಕಿಟ್ ಕೊಟ್ಟು ಮನೆಗೆ ಕಳಿಸಬೇಡಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ. ಬರದಲ್ಲಿ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಅಳೆದರೆ, ಯಾವ ಕೇರಿಯಲ್ಲಿ ಊಟ ಕಮ್ಮಿಯಾಗಿದೆ ಅಂತ ಘೋಷಣೆಗೆ ಮುಂಚೆಯೇ ತಿಳಿಯುತ್ತೆ.

ಭೇದಿಗೆ ಒಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಲೋಟಕ್ಕೆ ಚೂರು ಚೂರು ಬೆರೆಸಿದರೆ ಉಪ್ಪಿನ ಪ್ರಮಾಣ ಕೆಡುತ್ತೆ. ಜೊತೆಗೆ ಮಕ್ಕಳಿಗೆ ಜಿಂಕ್ 20 ಮಿಲಿಗ್ರಾಂ, 14 ದಿನ. ಆರು ತಿಂಗಳೊಳಗಿನವರಿಗೆ 10. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡಬೇಡಿ. ದಾನಿಗಳು ತರೋ ಹಸುಗೂಸಿನ ಹಾಲಿನ ಪುಡಿ, ಬಾಟಲಿ ಕೇಂದ್ರದೊಳಕ್ಕೆ ಬಿಡಬೇಡಿ. ಕೊಳಕು ನೀರಿನಲ್ಲಿ ಕಲಸಿದ ಬಾಟಲಿಯೇ ಮಗುವಿಗೆ ಕುತ್ತು. ಹಂಚೋದಕ್ಕೆ 1992ರ ಕಾಯ್ದೆಯ ತಡೆಯೂ ಇದೆ. ತಾಯಂದಿರಿಗೆ ಮರೆಯಿರೋ ಒಂದು ಕೋಣೆ ಕೊಡಿ. ಶೌಚಾಲಯ ಶುರುವಿಗೆ 50 ಜನಕ್ಕೊಂದು, ಬೇಗ 20ಕ್ಕೊಂದು. ಹೆಂಗಸರಿಗೆ ಮೂರಿದ್ದರೆ ಗಂಡಸರಿಗೆ ಒಂದು. ಹೋಗೋ ದಾರಿಗೆ ದೀಪ.

ಬೆಲ್ಲದಚ್ಚು:
ಆಲೆಮನೆಗಳಲ್ಲಿ ಉತ್ತರದ ಕಡೆಯ ಆಳುಗಳು, ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯವರು, ಇಟ್ಟಿಗೆ ಗೂಡಿನವರು. ಇವರೆಲ್ಲ ಗದ್ದೆ ಬಯಲಲ್ಲೇ ಗುಡಿಸಲು ಹಾಕಿರ್ತಾರೆ. ನೀರು ಮೊದಲು ಬರೋದು ಅಲ್ಲಿಗೇ, ಪಟ್ಟಿ ಬರೆಯೋರು ಬರೋದು ಕೊನೆಗೆ. ಕಾಳಜಿ ಕೇಂದ್ರದಲ್ಲಿ ರೇಷನ್ ಕಾರ್ಡ್ ಕೇಳಿದರೆ ಇವರು ತಿರುಗಿ ಹೋಗ್ತಾರೆ.

ಗಂಜಿಮನೆ:
ಊಟಕ್ಕೆ ಕಾರ್ಡ್ ಕೇಳೋದೇ ತಪ್ಪು, ಹೆಸರು ಬರೆದುಕೊಂಡರೆ ಸಾಕು. ತಿಂಗಳ ರೇಷನ್ನಿಗೆ 'ಒಂದು ದೇಶ ಒಂದು ಪಡಿತರ ಚೀಟಿ'ಯಡಿ ಅವರ ಊರಿನ ಕಾರ್ಡ್ ನಂಬರ್, ಬೆರಳಚ್ಚಿನ ಮೇಲೆ ಇಲ್ಲೇ ಕೇಂದ್ರದ ಪಾಲು ಕೊಡಬಹುದು. ಬೆರಳು ಸವೆದು ಯಂತ್ರ ಒಪ್ಪದಿದ್ದರೆ ಅದೇ ಕಾರ್ಡಿನ ಇನ್ನೊಬ್ಬ ಸದಸ್ಯರ ಬೆರಳು ಹಾಕಿಸಿ. ಆಲೆಮನೆ ಮಾಲೀಕರಿಂದ ಆಳುಗಳ ಪಟ್ಟಿ ಮೇ ಕೊನೆಗೇ ಪಂಚಾಯಿತಿಗೆ ಬರಲಿ.

ನಾಲೆಏರಿ:
ಮನೆ ಬಿದ್ದವರ ಕಾಗದದ ಬಗ್ಗೆಯೂ ಹೇಳಿಬಿಡಿ ಪಹಣಿಪುಟದವರೇ. ಇನ್ನೊಂದು, ಇಷ್ಟೆಲ್ಲ ಸಾಮಾನು ಎಲ್ಲಿ ಇಡೋದು? ಪಂಚಾಯಿತಿ ಕಟ್ಟಡವೇ ತಗ್ಗಿನಲ್ಲಿರೋ ಊರುಗಳಿವೆ.

ಪಹಣಿಪುಟ:
ಮನೆ ಹಾನಿಯನ್ನು ಎ, ಬಿ, ಸಿ ಅಂತ ವಿಂಗಡಿಸ್ತಾರೆ: ಶೇ 75ಕ್ಕಿಂತ ಹೆಚ್ಚು, 25ರಿಂದ 75, 15ರಿಂದ 25. ಮಣ್ಣಿನ ಗೋಡೆ ನೀರು ಇಳಿದ ದಿನ ನಿಂತಿರುತ್ತೆ, ಬಿಸಿಲು ಬಿದ್ದ ನಾಲ್ಕೈದು ದಿನಕ್ಕೆ ಕುಸಿಯುತ್ತೆ. ಮೊದಲ ದಿನವೇ 'ಸಿ' ಅಂತ ಬರೆಸಿಕೊಂಡರೆ ಕೆಟ್ಟಿರಿ. ಮರುಪರಿಶೀಲನೆಗೆ ಅರ್ಜಿ ಅದೇ ವಾರ ಕೊಡಿ. ಕೆಸರು ಬಳಿದು ತೆಗೆಯೋಕೆ ಮುಂಚೆ ನಾಲ್ಕೂ ಗೋಡೆ, ನೀರು ನಿಂತ ಗುರುತು, ಬಾಗಿಲ ಮೇಲಿನ ಮನೆ ನಂಬರ್ ಫೋಟೊ. 2022–26ರ ಮಾನದಂಡದಲ್ಲಿ ಬಟ್ಟೆಗೆ 2,500, ಪಾತ್ರೆಗೆ 2,500 ಸಿಗೋದಕ್ಕೆ ಮನೆ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕೂ ಹೆಚ್ಚು ಮುಳುಗಿರಬೇಕು; ಹಾಗಾಗಿ ನೀರು ಬಂದ ಹೊತ್ತು, ಇಳಿದ ಹೊತ್ತು ಎರಡನ್ನೂ ಬರೆದಿಡಿ. ಹಕ್ಕುಪತ್ರ ಇಲ್ಲದ ದಂಡೆ ಮನೆಗಳವರು ಕರೆಂಟ್ ಬಿಲ್, ಕಂದಾಯ ರಸೀದಿ, ಮತದಾರರ ಪಟ್ಟಿಯ ಪುಟ ಒಟ್ಟಿಗೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿರಲಿ.

ಗಂಜಿಮನೆ:
ಸಾಮಾನಿಗೆ ಎತ್ತರದಲ್ಲಿರೋ ಶಾಲೆಯ ಒಂದು ಕೋಣೆ. ಅಕ್ಕಿ ಮೂಟೆ ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆ ಮೇಲೆ; ಶಾಲೆಯವರ ಒಪ್ಪಿಗೆ ಪಡೆದು ಹಳೇದನ್ನು ಬಿಸಿಯೂಟಕ್ಕೆ ಕೊಟ್ಟು ಹೊಸದು ತುಂಬಿಸ್ತಾ ಇದ್ದರೆ ಹುಳ ಹಿಡಿಯಲ್ಲ. ರಾಗಿಯನ್ನು ಕಾಳಾಗಿಯೇ ಇಡಿ, ವರ್ಷಗಟ್ಟಲೆ ಕೆಡಲ್ಲ. ಹಿಟ್ಟು ಮಾಡಿದ ಮೇಲೆ ತಿಂಗಳೊಳಗೆ ಖರ್ಚಾಗಬೇಕು. ಕರೆಂಟ್ ಹೋದರೆ ಮಿಲ್ಲೂ ನಿಲ್ಲುತ್ತೆ, ಆದ್ದರಿಂದ ಒಳಹರಿವು ಏರಿದ ದಿನವೇ ಒಂದು ಕ್ವಿಂಟಲ್ ಬೀಸಿಸಿಬಿಡಿ. ಕೆಲವು ಊರಲ್ಲಿ ಹಳೇ ಹಗೇವು (ನೆಲದೊಳಗಿನ ಧಾನ್ಯದ ಗುಂಡಿ) ಇನ್ನೂ ಬಳಸ್ತಾರೆ. ಬಾಯಿ ತೆರೆದ ಕೂಡಲೇ ಇಳಿಯಬೇಡಿ. ಒಳಗೆ ಉಸಿರುಗಟ್ಟಿಸೋ ಗಾಳಿ ನಿಂತಿರುತ್ತೆ, ದಿನವಿಡೀ ತೆರೆದಿಟ್ಟು ದೀಪ ಇಳಿಬಿಟ್ಟು ನೋಡಿ. ದೀಪ ಆರಿದರೆ ಇಳಿಯೋ ಮಾತೇ ಇಲ್ಲ.

ನೀರಗಂಟಿ:
ಬ್ಲೀಚಿಂಗ್ ಪೌಡರ್ ಅದೇ ಕೋಣೆಯಲ್ಲಿ ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆರಳಲ್ಲಿ, ತಂದ ತಿಂಗಳು ಬರೆದು ಬೇರೆ ಇಡಿ. ಆರು ತಿಂಗಳಿಗೆ ಬದಲಾಯಿಸಿ. ಶಾಲೆ ಕೋಣೆಯ ಕೀಲಿ ಒಂದು ಬಿಸಿಯೂಟದವರ ಹತ್ತಿರ, ಇನ್ನೊಂದು ನೀರಗಂಟಿ ಹತ್ತಿರ. ಇಬ್ಬರೂ ಊರಲ್ಲೇ ಮಲಗೋರಾಗಿರಬೇಕು.